ಬಯಲಾಟದ ವಿಡಿಯೊ: ಪ್ಲೇಯರಿನಲ್ಲಿ ಸರಿ ಉಂಟು, ಎಡಿಟಿಂಗಿಗೆ ಹಾಕಿದರೆ ಜಾಗಟೆಯೇ ಬೇರೆ, ಸದ್ದೇ ಬೇರೆ

ಪೆರ್ಲದವ

ಯಕ್ಷಗಾನ ಬಯಲಾಟದ ಒಂದು ವಿಡಿಯೊ ಫೈಲ್. ಆಂಡ್ರಾಯ್ಡ್ ಫೋನಿನದ್ದು, 1080ಪಿ, ಕ್ಯಾಮೆರಾದಲ್ಲಿ ಸೆಕೆಂಡಿಗೆ 30 ಫ್ರೇಮ್ ಅಂತ ಸೆಟ್ ಆಗಿತ್ತು, ಉದ್ದ 2 ಗಂಟೆ 50 ನಿಮಿಷ. ವಿಎಲ್‌ಸಿಯಲ್ಲಿ ನೋಡಿದರೆ ಭಾಗವತರ ಬಾಯಿಗೂ ಪದ್ಯಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ಎಡಿಟಿಂಗಿನ ಟೈಮ್‌ಲೈನಿಗೆ ಎಳೆದು ಹಾಕಿದ ಕೂಡಲೇ ಚಿತ್ರ ಮುಂದೆ ಓಡ್ತದೆ, ಸದ್ದು ಹಿಂದೆ ಉಳೀತದೆ. ಶುರುವಿಗೆ ಗೊತ್ತೇ ಆಗುದಿಲ್ಲ, ಮಂಗಳದ ಹೊತ್ತಿಗೆ ಅರ್ಧ ನಿಮಿಷ. ಸಾಫ್ಟ್‌ವೇರ್ ಹಳೆಯ ಆವೃತ್ತಿ, ಲ್ಯಾಪ್‌ಟಾಪೂ ಹಳತು.

ಫೈಲಿನ ಒಳವಿವರ ಹೇಳುವ ಮೀಡಿಯಾಇನ್ಫೋ ತೋರಿಸುದು ಇಷ್ಟು: ಫ್ರೇಮ್ ರೇಟ್ ಮೋಡ್ ವೇರಿಯಬಲ್, ಅಂದ್ರೆ ಫ್ರೇಮಿನ ವೇಗ ಒಂದೇ ಸಮ ಇಲ್ಲ. ಸರಾಸರಿ 29.910, ಕನಿಷ್ಠ 14.970, ಗರಿಷ್ಠ 30.303. ಒಟ್ಟು ಫ್ರೇಮ್ 3,05,082. ವಿಡಿಯೊ ಅವಧಿ, ಆಡಿಯೊ ಅವಧಿ ಎರಡೂ ಒಂದೇ.

ಮಿಕ್ಸರಿನಿಂದ ನೇರ ತೆಗೆದ ವೇವ್ ಫೈಲ್ ಬೇರೆ ಉಂಟು, ಅದನ್ನೂ ಇದಕ್ಕೆ ಕೂಡಿಸ್ಬೇಕು. ಮೊದಲು ಇದೊಂದು ಸರಿಯಾಗಲಿ.

ಅಡಕೆತೋಟ

ಇದಕ್ಕೆಲ್ಲ ಎಂತ ತಲೆಬಿಸಿ ಮಾರಾಯ್ರೆ. 30 ಸೆಕೆಂಡ್ ಅಂದ್ರೆ 2 ಗಂಟೆ 50 ನಿಮಿಷಕ್ಕೆ 0.3%. ಸದ್ದಿನ ಸ್ಪೀಡ್ 100.3 ಮಾಡಿ, ಮುಗೀತು.

ಜಾಗಟೆ48

ಮುಗಿಯುದಿಲ್ಲ ಅಡಕೆತೋಟ. ವ್ಯತ್ಯಾಸ ಎಲ್ಲ ಕಡೆ ಒಂದೇ ಅಳತೆಯಲ್ಲಿ ಬೆಳೀತಿದ್ರೆ ಮಾತ್ರ ಆ ಲೆಕ್ಕ ನಡೀತದೆ.

ಪೆರ್ಲದಣ್ಣ, ಮೊದಲು ಅಳತೆ ತೆಗೀರಿ. ಭಾಗವತರ ಕೋಲು ಜಾಗಟೆಗೆ ತಾಗುದು ಚಿತ್ರದಲ್ಲಿ ಚೆಂದ ಕಾಣ್ತದೆ, ಸದ್ದಿನ ಗೆರೆಯಲ್ಲಿಯೂ ಚೂಪಾಗಿ ಎದ್ದಿರ್ತದೆ. ಸಿನೆಮಾದವರ ಕ್ಲಾಪ್ ಬೋರ್ಡಿಗಿಂತ ಒಳ್ಳೇದು. ಶುರುವಿಗೆ, 1 ಗಂಟೆಗೆ, 2 ಗಂಟೆಗೆ, 2.20ಕ್ಕೆ, ಕೊನೆಗೆ, ಹೀಗೆ ಐದು ಕಡೆ ಕೋಲು ತಾಗಿದ ಫ್ರೇಮಿಗೂ ಸದ್ದಿನ ಚೂಪಿಗೂ ಎಷ್ಟು ಅಂತರ ಅಂತ ಬರೆದು ಹಾಕಿ. ಫೋನಿನದ್ದೇ ಆಡಿಯೊ ಹಿಡಿದು ಅಳೀರಿ. ಮಿಕ್ಸರಿನದ್ದು ಈಗ ಮುಟ್ಟಬೇಡಿ.

ಪೆರ್ಲದವ

ಶುರು: ಹೆಚ್ಚುಕಡಿಮೆ 0. ಒಂದು ಗಂಟೆ: 1.1 ಸೆಕೆಂಡ್. ಎರಡು ಗಂಟೆ: 2.3. ಎರಡು ಇಪ್ಪತ್ತಕ್ಕೆ: 29.4. ಕೊನೆಗೆ: 30.6.

ಮಧ್ಯದಲ್ಲಿ ಒಮ್ಮೆಲೇ ಹಾರಿದೆ ಅಲ್ವಾ.

ಚಂದ್ರಗಿರಿ25

ಹಾರಿದ್ದಲ್ಲ, ಫೋನು ಅಲ್ಲಿ ಫ್ರೇಮು ಕಡಿಮೆ ತೆಗೆದಿದೆ. ಲೆಕ್ಕ ಹಾಕಿ ನೋಡೋಣ.

2 ಗಂಟೆ 50 ನಿಮಿಷ ಅಂದರೆ 10,200 ಸೆಕೆಂಡ್. ಸೆಕೆಂಡಿಗೆ 30ರಂತೆ 3,06,000 ಫ್ರೇಮ್ ಇರಬೇಕಿತ್ತು. ಇರುವುದು 3,05,082. ಕೊರತೆ 918. ಅದನ್ನು 30ರಿಂದ ಭಾಗಿಸಿದರೆ 30.6 ಸೆಕೆಂಡ್, ನೀವು ಕೊನೆಗೆ ಅಳೆದ ಅಂತರ ಅದೇ. ಹಾಗಾಗಿ ರೋಗ ಯಾವುದೆಂದು ಅನುಮಾನ ಬೇಡ. ಫೈಲಿನ ಒಳಗೆ ಪ್ರತಿ ಫ್ರೇಮಿಗೂ 'ನನ್ನನ್ನು ಇಷ್ಟು ಹೊತ್ತು ತೋರಿಸು' ಎಂಬ ಸಮಯದ ಗುರುತು ಉಂಟು. ವಿಎಲ್‌ಸಿ ಅದನ್ನು ಓದಿ ಪಾಲಿಸುತ್ತದೆ. ನಿಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಆ ಗುರುತನ್ನು ಬದಿಗಿಟ್ಟು, ಎಲ್ಲ ಫ್ರೇಮಿಗೂ ಮೂವತ್ತನೇ ಒಂದು ಸೆಕೆಂಡ್ ಕೊಟ್ಟು ಸಾಲಾಗಿ ಜೋಡಿಸುತ್ತದೆ. 918 ಫ್ರೇಮ್ ಕಡಿಮೆಯಾದ ಚಿತ್ರ ಅಷ್ಟು ಬೇಗ ಮುಗಿಯುತ್ತದೆ. ಸದ್ದು ಸೆಕೆಂಡಿಗೆ 48,000 ಸ್ಯಾಂಪಲ್ಲಿನ ಲೆಕ್ಕದಲ್ಲಿ ತನ್ನ ಪಾಡಿಗೆ ಸರಿಯಾಗಿಯೇ ನಡೆದಿರುತ್ತದೆ.

ಎರಡು ಗಂಟೆಯಿಂದ ಎರಡು ಇಪ್ಪತ್ತರ ಒಳಗೆ ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶ ಇತ್ತಾ?

ಪೆರ್ಲದವ

2.15ಕ್ಕೆ. ಲೈಟೆಲ್ಲ ಆಫ್, ದೊಂದಿ, ರಾಳ.

ಚಂದ್ರಗಿರಿ25

ಅಲ್ಲಿಯೇ ಹೋದದ್ದು. ಒಂದು ಫ್ರೇಮಿಗೆ 30ರ ಲೆಕ್ಕದಲ್ಲಿ ಸಿಗುವುದು 33.3 ಮಿಲಿಸೆಕೆಂಡ್. ಲೈಟ್ ಆರಿದಾಗ ಫೋನಿನ ಆಟೊ ಎಕ್ಸ್‌ಪೋಶರಿಗೆ ಅಷ್ಟು ಹೊತ್ತಿನ ಬೆಳಕು ಸಾಲುವುದಿಲ್ಲ, ಶಟರನ್ನು 50, 60 ಮಿಲಿಸೆಕೆಂಡ್ ತೆರೆದಿಡುತ್ತದೆ. ಆಗ ಸೆಕೆಂಡಿಗೆ 15ರಿಂದ 20 ಫ್ರೇಮ್ ಮಾತ್ರ. ದೊಂದಿಗೆ ರಾಳ ಎಸೆದ ಕ್ಷಣ ಬೆಂಕಿ ಭಗ್ಗನೆ ಏಳುತ್ತದೆ, ಶಟರ್ ಗಿಡ್ಡವಾಗಿ 30ಕ್ಕೆ ಮರಳುತ್ತದೆ, ಬೆಂಕಿ ತಗ್ಗಿದರೆ ಮತ್ತೆ 20. ಸರಾಸರಿ 20 ಎಂದು ಹಿಡಿದರೆ ಸೆಕೆಂಡಿಗೆ 10 ಫ್ರೇಮಿನ ನಷ್ಟ. 81 ಸೆಕೆಂಡಿಗೆ 810, ಅದನ್ನು 30ರಿಂದ ಭಾಗಿಸಿದರೆ 27. ನಿಮ್ಮ 27 ಸೆಕೆಂಡಿನ ಹಾರಾಟ ಅಷ್ಟೇ.

ಉಳಿದ ಮೂರೂವರೆ ಸೆಕೆಂಡ್ ಇಡೀ ರೆಕಾರ್ಡಿಂಗಿನಲ್ಲಿ ಅಲ್ಲೊಂದು ಇಲ್ಲೊಂದು ಬಿದ್ದ ಫ್ರೇಮುಗಳು. ಫೋನು ಬಿಸಿಯಾದಾಗ, ಸ್ಟೋರೇಜ್ ಬರೆಯಲು ತಡವರಿಸಿದಾಗ ಹೀಗಾಗುತ್ತದೆ.

ಅಡಕೆತೋಟ

ಸರಿ, ಸರಿ, 100.3 ವಾಪಸ್ ತಗೊಂಡೆ. ಹಾಗೆ ಮಾಡಿದ್ರೆ ಮೊದಲ ಎರಡು ಗಂಟೆ ಸದ್ದು ಚಿತ್ರಕ್ಕಿಂತ ಮುಂದೆ ಹೋಗ್ತಿತ್ತು. ಹಾಗಾದ್ರೆ ಎಂಪಿ4ನ್ನು ಎಂಕೆವಿ ಮಾಡಿದ್ರೆ? ಐದೇ ನಿಮಿಷದ ಕೆಲಸ.

ಜಾಗಟೆ48

ಅದು ಚೀಲ ಬದಲಿಸಿದ ಹಾಗೆ, ಒಳಗಿನ ಅಡಕೆ ಅದೇ. ರೀಮಕ್ಸ್ ಮಾಡಿದರೆ ಫ್ರೇಮೂ ಅದೇ, ಸಮಯದ ಗುರುತೂ ಅದೇ. ಹೊಸತಾಗಿ ಎನ್‌ಕೋಡ್ ಮಾಡದೆ ವೇರಿಯಬಲ್ ಫೈಲ್ ಕಾನ್ಸ್ಟಂಟ್ (ಫ್ರೇಮಿನ ವೇಗ ಒಂದೇ ಸಮ) ಆಗುದಿಲ್ಲ.

ಸುಮ ನೀರ್ಚಾಲು

ಹ್ಯಾಂಡ್‌ಬ್ರೇಕ್ ಅಂತ ವಿಡಿಯೊ ಎನ್‌ಕೋಡ್ ಮಾಡುವ ಸಾಫ್ಟ್‌ವೇರ್ ಉಂಟು, ಅದರಲ್ಲಿ ಮಾಡುವ ಕ್ರಮ ಬರೀತೇನೆ. ಸುಲಭ, ಆದ್ರೆ ಎಡವುವ ಜಾಗ ಮೂರು ಉಂಟು.

ಫೈಲ್ ತೆರೆದ ಮೇಲೆ 'ಫಾಸ್ಟ್ 1080ಪಿ30' ಪ್ರಿಸೆಟ್ ಕಣ್ಣಿಗೆ ಬೀಳ್ತದೆ, ಹೆಸರಲ್ಲಿ 30 ಉಂಟಲ್ಲ ಅಂತ ಎಲ್ಲರೂ ಅದನ್ನೇ ಒತ್ತುದು. ಅದರಲ್ಲಿ ಇರುದು 'ಪೀಕ್ ಫ್ರೇಮ್‌ರೇಟ್'. ಅಂದ್ರೆ 30ಕ್ಕಿಂತ ಮೇಲೆ ಹೋಗಬೇಡ ಅಂತ ಮಾತ್ರ, ಕೆಳಗೆ ಎಷ್ಟು ಬೇಕಾದ್ರೂ ಇಳೀಬಹುದು. ಮೂರು ಗಂಟೆ ಕಾದು ಪುನಃ ವೇರಿಯಬಲ್ ಫೈಲೇ ಕೈಗೆ ಬರ್ತದೆ. ವಿಡಿಯೊ ಟ್ಯಾಬಿಗೆ ಹೋಗಿ 'ಕಾನ್ಸ್ಟಂಟ್ ಫ್ರೇಮ್‌ರೇಟ್' ಚುಕ್ಕೆ ಒತ್ತಬೇಕು.

ಎರಡನೇದು, ಅದರ ಪಕ್ಕದ ಫ್ರೇಮ್‌ರೇಟ್ ಪಟ್ಟಿಯಲ್ಲಿ 'ಸೇಮ್ ಆ್ಯಸ್ ಸೋರ್ಸ್' ಬಿಡಬೇಡಿ. ಈ ಫೈಲಿಗೆ ಅದು 29.91ರ ಹತ್ತಿರದ ಎಂತದೋ ಒಂದು ಸಂಖ್ಯೆ ಹಿಡೀಬಹುದು. ಅಂಥ ಟೈಮ್‌ಲೈನ್ ಯಾರೂ ಮಾಡುದಿಲ್ಲ. ಫೋನು ಯಾವುದಕ್ಕೆ ಗುರಿ ಇಟ್ಟಿತ್ತೋ ಅದನ್ನೇ ಕೊಡಿ, ಇಲ್ಲಿ 30.

ಮೂರನೇದು ಬಯಲಾಟಕ್ಕೇ ಬರುವ ತೊಂದರೆ. ಹ್ಯಾಂಡ್‌ಬ್ರೇಕ್ ಕಪ್ಪು ಅಂಚುಗಳನ್ನು ತಾನೇ ಕತ್ತರಿಸ್ತದೆ. ರಂಗಸ್ಥಳದ ಸುತ್ತ ಕಗ್ಗತ್ತಲೆ ಇದ್ರೆ ಅದನ್ನೇ ಅಂಚು ಅಂತ ತಿಳಿದು ಚಿತ್ರ ಸಣ್ಣದು ಮಾಡುವುದುಂಟು. ಡೈಮೆನ್ಶನ್ಸ್ ಟ್ಯಾಬಿನಲ್ಲಿ ಕ್ರಾಪಿಂಗ್ 'ನನ್' ಮಾಡಿ, 1920, 1080 ಉಂಟಾ ಅಂತ ನೋಡಿ.

ಗುಣಮಟ್ಟ ಆರ್‌ಎಫ್ 16ರಿಂದ 18, ಎಕ್ಸ್264. ಮತ್ತೆ, ಇದು ಕೊನೆಯ ಫೈಲ್ ಅಲ್ಲ, ಎಡಿಟಿಗೆ ಹೋಗುವಂಥದ್ದು, ಹಾಗಾಗಿ ಹೆಚ್ಚುವರಿ ಆಯ್ಕೆಯ ಪೆಟ್ಟಿಗೆಯಲ್ಲಿ 'ಕೀಇಂಟ್' 15 ಅಂತ ಕೊಡಿ. ಸುಮ್ಮನೆ ಬಿಟ್ರೆ ಪೂರ್ತಿ ಚಿತ್ರ ಹತ್ತು ಸೆಕೆಂಡಿಗೊಮ್ಮೆ ಬರುವಷ್ಟು ದೂರ ಹೋಗಬಹುದು, ಟೈಮ್‌ಲೈನಿನಲ್ಲಿ ಹಿಂದೆ ಮುಂದೆ ಎಳೆಯುವಾಗ ಹಳೇ ಲ್ಯಾಪ್‌ಟಾಪ್ ಉಬ್ಬಸ ಬಿಡ್ತದೆ. ಕೀಇಂಟ್ 15 ಕೊಟ್ರೆ ಫೈಲ್ ಸ್ವಲ್ಪ ದಪ್ಪ, ಓಡಾಟ ಹಗುರ.

ಇಡೀ ಫೈಲ್ ಹಾಕುವ ಮೊದಲು ರೇಂಜಿನಲ್ಲಿ 'ಸೆಕೆಂಡ್ಸ್' ಆರಿಸಿ 8100ರಿಂದ 8220 ಕೊಟ್ಟು ಎರಡು ನಿಮಿಷ ಮಾಡಿ ನೋಡಿ. 8100 ಅಂದ್ರೆ ನಿಮ್ಮ 2.15, ಬಣ್ಣದ ವೇಷದ ಜಾಗ. ಅಲ್ಲಿ ಸರಿ ಬಂದ್ರೆ ಎಲ್ಲ ಕಡೆ ಸರಿ ಬರ್ತದೆ. ಶುರುವಿನ ಪೂರ್ವರಂಗದಲ್ಲಿ ಪರೀಕ್ಷೆ ಮಾಡಿದ್ರೆ ಎಂತದೂ ಗೊತ್ತಾಗುದಿಲ್ಲ, ಅಲ್ಲಿ ತಪ್ಪೇ ಇರ್ಲಿಲ್ಲ.

ಪೆರ್ಲದವ

ಸುಮಕ್ಕ, ಸಾವಿರ ಸಲ ಧನ್ಯವಾದ. ಹ್ಯಾಂಡ್‌ಬ್ರೇಕ್ ಈ ಲ್ಯಾಪ್‌ಟಾಪಿನಲ್ಲಿ ತೆರೆಯುದೇ ಇಲ್ಲ. ಎಫ್‌ಎಫ್‌ಎಂಪೆಗ್ ಉಂಟು, ಅದಕ್ಕೆ ಟೈಪ್ ಮಾಡುವ ಆಜ್ಞೆ ಹೇಗೆ?

ಅಡಕೆತೋಟ

ಇದು ನನಗೆ ಗೊತ್ತು. ಮೊದಲು 'ಆರ್ 30', ಆಮೇಲೆ 'ಐ' ಹಾಕಿ ಫೈಲಿನ ಹೆಸರು.

ಚಂದ್ರಗಿರಿ25

ಅಡಕೆತೋಟರೇ, ಆ ಕ್ರಮದಲ್ಲಿ ಹಾಕಿದರೆ ಈಗಿನ ರೋಗವನ್ನೇ ಫೈಲಿಗೆ ಶಾಶ್ವತವಾಗಿ ಅಂಟಿಸಿದಂತಾಗುತ್ತದೆ. ಇನ್‌ಪುಟ್ ಹೆಸರಿಗಿಂತ ಮೊದಲು 'ಆರ್ 30' ಬಂದರೆ ಅದರ ಅರ್ಥ 'ಫೈಲಿನಲ್ಲಿರುವ ಸಮಯದ ಗುರುತು ಬಿಸಾಡು, ಎಲ್ಲ ಫ್ರೇಮೂ 30ರದ್ದು ಎಂದು ತಿಳಿ' ಎಂದು. ಹೆಸರಿನ ನಂತರ ಬಂದರೆ 'ಗುರುತು ನೋಡಿಕೊಂಡು, ಹೊರಗೆ 30 ಮಾಡಿ ಕೊಡು' ಎಂದು. ಬೇಕಾದದ್ದು ಎರಡನೆಯದು.

ಆಯ್ಕೆಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಹಾಕಿಕೊಳ್ಳಿ. ಪ್ರತಿ ಆಯ್ಕೆಯ ಹೆಸರಿಗೆ ಮೊದಲು ಒಂದು ಅಡ್ಡಗೆರೆ (ಹೈಫನ್). 'ಐ' ಕೊಟ್ಟು ಮೂಲ ಫೈಲಿನ ಹೆಸರು. ನಂತರ 'ಎಫ್‌ಪಿಎಸ್ ಅಂಡರ್‌ಸ್ಕೋರ್ ಮೋಡ್' ಎಂದು ಕೊಟ್ಟು 'ಸಿಎಫ್‌ಆರ್'. ನಿಮ್ಮದು 5.1ಕ್ಕಿಂತ ಹಳೆಯ ಆವೃತ್ತಿಯಾದರೆ ಅದರ ಬದಲು 'ವಿಸಿಂಕ್' ಎಂದು ಕೊಟ್ಟು 'ಸಿಎಫ್‌ಆರ್'. ನಂತರ 'ಆರ್ 30'. ವಿಡಿಯೊ ಕೋಡೆಕ್ 'ಲಿಬ್‌ಎಕ್ಸ್264', 'ಸಿಆರ್‌ಎಫ್ 16', ಪ್ರಿಸೆಟ್ 'ವೆರಿಫಾಸ್ಟ್', 'ಜಿ 15'. ಆಡಿಯೊಗೆ ಫಿಲ್ಟರ್ 'ಎರೀಸ್ಯಾಂಪಲ್', ಅದಕ್ಕೆ 'ಅಸಿಂಕ್' ಬೆಲೆ 1. ಆಡಿಯೊ ಎಲ್ಲಿಯಾದರೂ ಚೂರು ತುಂಡಾಗಿದ್ದರೆ ಆ ಜಾಗಕ್ಕೆ ಮೌನ ತುಂಬಿ ಸಮಯ ಕಾಯುತ್ತದೆ. ಆಡಿಯೊ ಕೋಡೆಕ್ 16 ಬಿಟ್ ಪಿಸಿಎಂ, 48,000. ಹೊರಗಿನ ಫೈಲ್ ಎಂಓವಿ ಆಗಲಿ. ಎಂಪಿ4ರ ಒಳಗೆ ಪಿಸಿಎಂ ಇಟ್ಟರೆ ಕೆಲವು ಸಾಫ್ಟ್‌ವೇರ್ ತೆರೆಯುವುದಿಲ್ಲ.

ಓಡುವಾಗ ಕೆಳಗಿನ ಸಾಲಿನಲ್ಲಿ ಡೂಪ್ (ಪುನಃ ಬರೆದ ಫ್ರೇಮ್), ಡ್ರಾಪ್ (ಬಿಟ್ಟ ಫ್ರೇಮ್) ಎಂದು ಎರಡು ಸಂಖ್ಯೆ ಕಾಣುತ್ತವೆ. ಡೂಪಿನಿಂದ ಡ್ರಾಪ್ ಕಳೆದರೆ ನಿಮಗೆ 918ರ ಆಸುಪಾಸು ಬರಬೇಕು.

ಬದಿಯಡ್ಕ ಬಸ್ಸು

ಡಿಎನ್‌ಎಕ್ಸ್‌ಎಚ್‌ಆರ್ ಅಥವಾ ಪ್ರೊರೆಸ್, ಎಡಿಟಿಂಗಿಗೇ ಇರುವ ಫಾರ್ಮ್ಯಾಟ್, ಅದಕ್ಕೆ ಬದಲಿಸಿದ್ರೆ ಟೈಮ್‌ಲೈನ್ ಬೆಣ್ಣೆಯ ಹಾಗೆ ಓಡ್ತದಲ್ಲ? ಎಕ್ಸ್264 ಎಂತಕ್ಕೆ?

ಚಂದ್ರಗಿರಿ25

ಜಾಗ ಇದ್ದರೆ ಅದೇ ಒಳ್ಳೆಯದು. 1080ಪಿ 30ಕ್ಕೆ ಡಿಎನ್‌ಎಕ್ಸ್‌ಎಚ್‌ಆರ್ ಎಸ್‌ಕ್ಯೂ ಸೆಕೆಂಡಿಗೆ ಸುಮಾರು 145 ಮೆಗಾಬಿಟ್. ಗಂಟೆಗೆ 65 ಜಿಬಿ. ಇವರ ಈ ಒಂದು ಫೈಲಿಗೇ 185 ಜಿಬಿ. ರಾತ್ರಿಯಿಡೀ ಆಟ ಎಂಟು ಗಂಟೆ ಹಿಡಿದರೆ 520. ಪ್ರೊರೆಸ್ ಎಲ್‌ಟಿ ಸುಮಾರು 102 ಮೆಗಾಬಿಟ್, ಗಂಟೆಗೆ 46 ಜಿಬಿ. ಫೋನಿನ ಮೂಲ ಫೈಲೇ 17 ಮೆಗಾಬಿಟ್‌ನ ಲೆಕ್ಕದಲ್ಲಿ ಗಂಟೆಗೆ 7.6 ಜಿಬಿ ಇರುವಾಗ, ಅದನ್ನು ಎಂಟೊಂಬತ್ತು ಪಟ್ಟು ಉಬ್ಬಿಸಿದರೆ ಹೊಸ ವಿವರವೇನೂ ಹುಟ್ಟುವುದಿಲ್ಲ. ಬಣ್ಣ ಗಟ್ಟಿಯಾಗಿ ತಿದ್ದುವುದಿದ್ದರೆ, ಹತ್ತು ಪದರ ಇಡುವುದಿದ್ದರೆ ಪ್ರೊರೆಸ್. ಕತ್ತರಿಸಿ ಜೋಡಿಸಿ ಯೂಟ್ಯೂಬಿಗೆ ಹಾಕುವ ಕೆಲಸಕ್ಕೆ ಗಿಡ್ಡ ಕೀಇಂಟಿನ ಎಕ್ಸ್264 ಧಾರಾಳ ಸಾಕು.

ಹೇಗೆ ಮಾಡಿದರೂ ಎಡಿಟಿಂಗ್ ಶುರು ಮಾಡುವ ಮೊದಲು ಮಾಡಿ. ನೂರು ಕಡೆ ಕತ್ತರಿ ಹಾಕಿದ ಮೇಲೆ ಫೈಲ್ ಬದಲಿಸಿದರೆ ಪ್ರತಿಯೊಂದು ಕತ್ತರಿಯೂ ಬೇರೆ ಬೇರೆ ಅಂತರಕ್ಕೆ ಸರಿದಿರುತ್ತದೆ.

ಸುಮ ನೀರ್ಚಾಲು

ಹೊಸ ಸಾಫ್ಟ್‌ವೇರ್ ಇರುವವರಿಗೆ ಒಂದು ಮಾತು. ಪ್ರೀಮಿಯರಿನ ಈಗಿನ ಆವೃತ್ತಿಗಳು ವೇರಿಯಬಲ್ ಫೈಲನ್ನು ಗುರುತಿಸ್ತವೆ, 'ಪ್ರಿಸರ್ವ್ ಆಡಿಯೊ ಸಿಂಕ್' ಅಂತ ಆಯ್ಕೆ ಉಂಟು. ಕೆಡೆನ್‌ಲೈವ್, ಶಾಟ್‌ಕಟ್ ಎರಡೂ ಫೈಲ್ ಹಾಕಿದ ಕೂಡಲೇ 'ಎಡಿಟಿಗೆ ತಕ್ಕ ಹಾಗೆ ಬದಲಿಸಲಾ' ಅಂತ ಕೇಳ್ತವೆ. ಹೌದು ಅನ್ನಿ. ಬೇಡ ಅಂತ ಒತ್ತಿ ಆಮೇಲೆ ಬೈಯ್ಯುವವರೇ ಹೆಚ್ಚು.

ಮತ್ತೆ, ಮೀಡಿಯಾಇನ್ಫೋದಲ್ಲಿ ವೇರಿಯಬಲ್ ಅಂತ ಕಂಡದ್ದಕ್ಕೆಲ್ಲ ಹೆದರುದು ಬೇಡ. ಕನಿಷ್ಠ 29.970, ಗರಿಷ್ಠ 30.030 ಅಂತ ಇದ್ರೆ ಅದು ಸಮಯದ ಗುರುತಿನ ಸಣ್ಣ ನಡುಕ, ಫ್ರೇಮ್ ಬಿದ್ದದ್ದಲ್ಲ. ಕನಿಷ್ಠ 15, 20 ಅಂತ ಕಂಡ್ರೆ ಮಾತ್ರ ಎದ್ದು ಕೂತುಕೊಳ್ಳಿ. ಆಗಲೂ ಕಣ್ಣು ಹೋಗಬೇಕಾದ್ದು ಒಟ್ಟು ಫ್ರೇಮಿನ ಲೆಕ್ಕಕ್ಕೆ. ಚಂದ್ರಗಿರಿಯವರು ಮಾಡಿದ ಗುಣಾಕಾರ ಯಾವ ಸಾಫ್ಟ್‌ವೇರೂ ಇಲ್ಲದೆ ಯಾರೂ ಮಾಡಬಹುದು.

ಪೆರ್ಲದವ

ಹಾಕಿದೆ. ಡೂಪ್ 921, ಡ್ರಾಪ್ 3. ಒಟ್ಟು ಫ್ರೇಮ್ ಸರಿಯಾಗಿ 3,06,000. ಜಾಗಟೆ ಐದೂ ಕಡೆ ಕೂತಿತು!

ಒಂದೇ ಬೇಜಾರು, ಬಣ್ಣದ ವೇಷ ಬರುವಾಗ ಚಿತ್ರ ಕುಂಟ್ತದೆ. ದಿಗಿಣ (ಹಾರಿ ತಿರುಗುವ ಕುಣಿತ) ಹಾಕಿದ್ದು ಕಡೆಗೋಲು ತಡೆದು ತಡೆದು ತಿರುಗಿದ ಹಾಗೆ ಕಾಣ್ತದೆ. ನಡುವೆ ಫ್ರೇಮ್ ಹುಟ್ಟಿಸುವ ಫಿಲ್ಟರ್ ಹಾಕಲಾ?

ಜಾಗಟೆ48

ಬೇಡ. 20 ಫ್ರೇಮನ್ನು 30ರ ಜಾಗದಲ್ಲಿ ಕೂರಿಸಿದರೆ ಒಂದು ಫ್ರೇಮ್ ಒಂದು ಸಲ, ಮುಂದಿನದ್ದು ಎರಡು ಸಲ, ಹಾಗೆ ಬರ್ತದೆ, ಅದಕ್ಕೇ ಕುಂಟುದು. ನಡುವೆ ಫ್ರೇಮ್ ಹುಟ್ಟಿಸಿದರೆ ದಿಗಿಣದಲ್ಲಿ ಕೈ ಎರಡು ಇದ್ದದ್ದು ನಾಲ್ಕಾಗ್ತದೆ, ಕಿರೀಟ ಮೇಣದ ಹಾಗೆ ಕರಗ್ತದೆ. ತೆಗೆಯದ ಫ್ರೇಮ್ ಎಲ್ಲಿಂದಲೂ ಬರುದಿಲ್ಲ. ಅಲ್ಲಿ ಬೇರೆ ಕ್ಯಾಮೆರಾದ ದೃಶ್ಯ ಇದ್ದರೆ ಅದನ್ನು ಮೇಲೆ ಇಡಿ.

ಮುಂದಿನ ಆಟಕ್ಕೆ ಫೋನನ್ನೇ ಕಟ್ಟಿಹಾಕಿ.

ಮಂಜೇಶ್ವರ ಮಳೆ

ಕಟ್ಟಿಹಾಕುವ ಬಗೆ ನಾನು ಹೇಳ್ತೇನೆ.

ಸ್ಯಾಮ್‌ಸಂಗ್ ಆದರೆ ಕ್ಯಾಮೆರಾ ಸೆಟಿಂಗ್ಸಿನಲ್ಲಿ 'ಆಟೊ ಎಫ್‌ಪಿಎಸ್' ಇರ್ತದೆ, ಆಫ್ ಮಾಡಿ. ಐಫೋನಿನಲ್ಲಿ ಸೆಟಿಂಗ್ಸ್, ಕ್ಯಾಮೆರಾ, ರೆಕಾರ್ಡ್ ವಿಡಿಯೊ, ಅದರೊಳಗೆ 'ಆಟೊ ಎಫ್‌ಪಿಎಸ್', ಅದೂ ಆಫ್. ಅಲ್ಲಿಯೇ 'ಶೋ ಪಾಲ್ ಫಾರ್ಮ್ಯಾಟ್ಸ್' ಒತ್ತಿದರೆ 25 ಸಿಗ್ತದೆ. ಬೇರೆ ಫೋನಾದರೆ ಪ್ರೊ ಮೋಡಿನಲ್ಲಿ ಶಟರ್ ಕೈಯಲ್ಲಿ ಇಡಲು ಬಿಡ್ತದಾ ನೋಡಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ. 2023ರಲ್ಲಿ ಐಫೋನಿಗೆ, 2024ರಲ್ಲಿ ಕೆಲವು ಆಂಡ್ರಾಯ್ಡ್‌ಗಳಿಗೆ ಬಂತು. ಅದರಲ್ಲಿ ಫ್ರೇಮ್ ರೇಟ್, ಶಟರ್, ಐಎಸ್‌ಓ, ವೈಟ್ ಬ್ಯಾಲೆನ್ಸ್ ನಾಲ್ಕಕ್ಕೂ ಬೀಗ ಹಾಕಬಹುದು.

ಶಟರ್ 1/50. ಇದು ಬರೀ ಚಂದಕ್ಕೆ ಅಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ಲೈಟು ಸೆಕೆಂಡಿಗೆ 100 ಸಲ ಮಿಟುಕ್ತದೆ. 1/50 ಅಥವಾ 1/100 ಇಟ್ಟರೆ ಪ್ರತಿ ಫ್ರೇಮಿಗೂ ಪೂರ್ಣ ಮಿಟುಕು ಸಿಗ್ತದೆ, ಪಟ್ಟೆ ಬರುದಿಲ್ಲ. 1/60 ಇಟ್ಟು 30ರಲ್ಲಿ ತೆಗೆದರೆ ಚಿತ್ರ ಪಟಪಟ ಅಂತ ಇರ್ತದೆ. ಜನರೇಟರಿನಲ್ಲಿ ಆಟ ಆಗುದಾದರೆ ಅದು 50ಕ್ಕೆ ಗಟ್ಟಿ ನಿಲ್ಲುದಿಲ್ಲ, ತುಸು ಪಟ್ಟೆ ಬಂದೇ ಬರ್ತದೆ. ಕೆಲವು ಎಲ್‌ಇಡಿ ಫೋಕಸುಗಳ ಮಿಟುಕು ಕರೆಂಟಿನ ಲೆಕ್ಕಕ್ಕೇ ಬರುದಿಲ್ಲ, ಚೌಕಿಯಲ್ಲಿ ವೇಷ ಕಟ್ಟುವ ಹೊತ್ತಿಗೇ ರಂಗಸ್ಥಳದ ಲೈಟು ಹಾಕಿಸಿ ಅರ್ಧ ನಿಮಿಷ ತೆಗೆದು ನೋಡಬೇಕು.

ಶಟರ್ 1/50ಕ್ಕೆ ಬೀಗ ಬಿದ್ದ ಮೇಲೆ ಕತ್ತಲೆಯಲ್ಲಿ ಫ್ರೇಮ್ ಇಳಿಯುವ ಮಾತೇ ಇಲ್ಲ. 20 ಮಿಲಿಸೆಕೆಂಡ್ ಎಲ್ಲಿ, 33 ಎಲ್ಲಿ. ಚಿತ್ರ ಕಪ್ಪಾಗ್ತದೆ ಅಂತ ಕೇಳ್ತೀರಿ. ಆಗಲಿ. ಬಣ್ಣದ ವೇಷಕ್ಕೆ ಲೈಟ್ ಆರಿಸುದೇ ಕತ್ತಲೆ ಕಾಣಲಿ ಅಂತ. ದೊಂದಿಯ ಬೆಳಕಿನಲ್ಲಿ ಮುಖ ಅರ್ಧ ಕಂಡು ಅರ್ಧ ಕಾಣದೆ ಇರುವ ಚಂದವನ್ನು ಆಟೊ ಎಕ್ಸ್‌ಪೋಶರ್ ಬೂದಿ ಬಣ್ಣ ಮಾಡಿ ಹಾಳು ಮಾಡ್ತದೆ.

ಎಂಥದೂ ಇಲ್ಲದ ಫೋನಾದರೆ, ಲೈಟ್ ಇರುವಾಗ ವೇಷದ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಶರ್ ಲಾಕ್ ಮಾಡಿ. ಅದೂ ಬಹುಪಾಲು ಕೆಲಸ ಮಾಡ್ತದೆ.

ಬದಿಯಡ್ಕ ಬಸ್ಸು

25 ಒಳ್ಳೇದಾ 30 ಒಳ್ಳೇದಾ?

ಮಂಜೇಶ್ವರ ಮಳೆ

ಎಲ್ಲ ಕ್ಯಾಮೆರಾದಲ್ಲೂ ಒಂದೇ ಇರುದು ಒಳ್ಳೇದು. ಹ್ಯಾಂಡಿಕ್ಯಾಮ್ ಇಟ್ಟವರದ್ದು ಸಾಮಾನ್ಯ 50ಐ (ಸೆಕೆಂಡಿಗೆ 50 ಅರ್ಧ ಚಿತ್ರ) ಅಥವಾ 25, ಅವರ ಜೊತೆ ಸೇರುದಾದರೆ ಫೋನೂ 25. ಫೋನಿಗೆ 25 ಬರುದೇ ಇಲ್ಲ ಅಂತಾದರೆ 30ರಲ್ಲಿ ತೆಗೆದು 30ರ ಟೈಮ್‌ಲೈನಿನಲ್ಲೇ ಬಿಡಿ. 30ನ್ನು 25 ಮಾಡಿದರೆ ಪ್ರತಿ ಆರನೇ ಫ್ರೇಮ್ ಹಾರ್ತದೆ, ದಿಗಿಣದಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ. ತಾಳಮದ್ದಳೆಯಲ್ಲಿ ಯಾರಿಗೂ ಗೊತ್ತಾಗುದಿಲ್ಲ, ಅರ್ಥಧಾರಿಗಳು ಕೂತಲ್ಲೇ ಇರ್ತಾರೆ.

ಬಿಸಿಯ ವಿಷಯ ಮರೆತಿದ್ದೆ. ಮೇ ಕೊನೆಯ ಪತ್ತನಾಜೆ ಹತ್ತಿರ ಬಂದ ಹಾಗೆ ರಾತ್ರಿಯೂ ಸೆಕೆ. ಕವರ್ ತೆಗೆದಿಡಿ, ಏರೋಪ್ಲೇನ್ ಮೋಡ್ ಹಾಕಿ, ಸ್ಕ್ರೀನ್ ಬೆಳಕು ಇಳಿಸಿ. ಚಾರ್ಜ್ ಮಾಡ್ತಾ ತೆಗೆಯುದಾದರೆ ಫಾಸ್ಟ್ ಚಾರ್ಜರ್ ಬೇಡ, ಸಾದಾ 5 ವೋಲ್ಟಿನ ಪವರ್‌ಬ್ಯಾಂಕ್ ಸಾಕು. 60 ಫ್ರೇಮ್, 4ಕೆ ಎರಡೂ ಬಿಸಿ ಹೆಚ್ಚಿಸ್ತವೆ.

ಕುಂಬಳೆ ಮಾಷ್ಟ್ರು

ಇದೇ ವಿಷಯಕ್ಕೆ ಸೇರಿದ ಪ್ರಶ್ನೆ. ಶಾಲೆಯ ಲ್ಯಾಪ್‌ಟಾಪಿನಲ್ಲಿ ಕೈಟ್‌ನವರ (ಕೇರಳದ ಶಾಲೆಗಳ ಐಟಿ ನೋಡಿಕೊಳ್ಳುವ ಸಂಸ್ಥೆ) ಉಬುಂಟು ಇದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠದ ವಿಡಿಯೊ ಮಾಡಲು ಫೋನಿನ ಸ್ಕ್ರೀನ್ ರೆಕಾರ್ಡರ್ ಬಳಸಿದರೆ ಅದರಲ್ಲೂ ಧ್ವನಿ ಸರಿಯುತ್ತದೆ. ಅಲ್ಲಿ ಕತ್ತಲೆ ಎಲ್ಲಿಂದ ಬಂತು?

ಸುಮ ನೀರ್ಚಾಲು

ಮಾಷ್ಟ್ರೆ, ಅಲ್ಲಿ ಕಾರಣ ಬೇರೆ. ಸ್ಕ್ರೀನ್ ರೆಕಾರ್ಡರ್ ಪರದೆ ಬದಲಾದಾಗ ಮಾತ್ರ ಹೊಸ ಫ್ರೇಮ್ ಬರೆಯುದು. ನೀವು ಒಂದು ಸ್ಲೈಡ್ ಇಟ್ಟು ಎರಡು ನಿಮಿಷ ಮಾತಾಡಿದ್ರೆ ಆ ಎರಡು ನಿಮಿಷಕ್ಕೆ ಬೆರಳೆಣಿಕೆಯ ಫ್ರೇಮ್ ಇರಬಹುದು. ಝೂಮ್ ರೆಕಾರ್ಡಿಂಗೂ ವೇರಿಯಬಲ್, ವಿಂಡೋಸಿನ ಗೇಮ್ ಬಾರೂ ಹಾಗೆಯೇ. ಲ್ಯಾಪ್‌ಟಾಪಿನಲ್ಲಿ ಒಬಿಎಸ್ ಅಂತ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿ, ಉಬುಂಟಿನಲ್ಲಿ ನಡೀತದೆ. ಅದು ಬರೆಯುದೇ ಕಾನ್ಸ್ಟಂಟ್. ಯಂತ್ರಕ್ಕೆ ಆಗದಿದ್ರೆ ಹಳೇ ಫ್ರೇಮನ್ನೇ ಪುನಃ ಬರೆದು ಸಮಯ ಕಾಯ್ತದೆ. ಇದ್ದ ಫೈಲುಗಳಿಗೆ ಮೇಲಿನ ಎಫ್‌ಎಫ್‌ಎಂಪೆಗ್ ಮದ್ದೇ ಸಾಕು.

ಬದಿಯಡ್ಕ ಬಸ್ಸು

ಹ್ಯಾಂಡಿಕ್ಯಾಮಿನಿಂದ ಎಚ್‌ಡಿಎಂಐ ತೆಗೆದು ಸಣ್ಣ ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್ ಮೂಲಕ ಒಬಿಎಸಿಗೆ ಕೊಡುವವರು ಎಂತ ನೋಡಬೇಕು? ಬೆರಳಿನಷ್ಟು ದೊಡ್ಡ ಕಾರ್ಡ್, ಪೆಟ್ಟಿಗೆ ಮೇಲೆ 4ಕೆ ಅಂತ ಉಂಟು. ಚಿತ್ರ ನಿಂತು ನಿಂತು ಬರ್ತದೆ.

ಜಾಗಟೆ48

4ಕೆ ಅಂದರೆ ಒಳಗೆ ತಗೊಳ್ತದೆ ಅಂತ ಮಾತ್ರ. ಹೊರಗೆ 1080ಪಿ. ಅದು ಯುಎಸ್‌ಬಿ 2. ಸಂಕುಚಿಸದ 1080ಪಿ 30 ಅಂದರೆ ಸೆಕೆಂಡಿಗೆ 124 ಮೆಗಾಬೈಟ್, ಯುಎಸ್‌ಬಿ 2ರ ಕೊಳವೆ ಕಾಗದದ ಮೇಲೆಯೇ 60. ಹಾಗಾಗಿ ಒಬಿಎಸಿನ ಡಿವೈಸ್ ಸೆಟಿಂಗಿನಲ್ಲಿ ವಿಡಿಯೊ ಫಾರ್ಮ್ಯಾಟ್ 'ಎಂಜೆಪೆಗ್' ಅಂತ ಕೈಯಾರೆ ಆರಿಸಿ. ಸಂಕುಚಿಸದ ವೈಯುವೈ2 ಅಂತ ಬಿಟ್ಟರೆ ಪೂರ್ಣ ಅಳತೆಗೆ ಸೆಕೆಂಡಿಗೆ 5 ಫ್ರೇಮ್ ಬಂದರೆ ಹೆಚ್ಚು. ನಿಮ್ಮ ನಿಂತು ನಿಂತು ಬರುದಕ್ಕೆ ಮೊದಲ ಅನುಮಾನ ಅದೇ.

ಎಂಎಸ್2109 ಚಿಪ್ಪಿನ ಕಾರ್ಡುಗಳು ಸದ್ದನ್ನು 96,000 ಮೊನೊ ಅಂತ ತೋರಿಸ್ತವೆ. ನಿಜವಾಗಿ ಅದು 48,000 ಸ್ಟೀರಿಯೊ. ಚೆಂಡೆ ಒಂದು ಕಿವಿಗೆ, ಮದ್ದಳೆ ಇನ್ನೊಂದಕ್ಕೆ ಅಂತ ಬೇಕಾದರೆ ಅದನ್ನು ನಂಬಬೇಡಿ, ಮಿಕ್ಸರಿನಿಂದ ಬೇರೆ ತೆಗೀರಿ.

ಕ್ಯಾಮೆರಾ 50ರಲ್ಲಿ ಹೊರಗೆ ಕಳಿಸುದಾದರೆ ಒಬಿಎಸಿನ ವಿಡಿಯೊ ಸೆಟಿಂಗಿನಲ್ಲೂ 25 ಇಡಿ. 50ನ್ನು 30 ಮಾಡಲು ಹೋದರೆ ಪುನಃ ಕುಂಟು.

ಚಂದ್ರಗಿರಿ25

ಒಬಿಎಸ್ ಬಗ್ಗೆ ಎರಡು ಸೂಕ್ಷ್ಮ. ಮಳೆಗಾಲದಲ್ಲಿ ತಾಳಮದ್ದಳೆ ತೆಗೆಯುವಾಗ ಕರೆಂಟ್ ಯಾವ ಕ್ಷಣದಲ್ಲೂ ಹೋಗಬಹುದು. ಸಾದಾ ಎಂಪಿ4ರಲ್ಲಿ ಫೈಲಿನ ಸೂಚಿ ಕೊನೆಗೆ ಬರೆಯಲ್ಪಡುತ್ತದೆ, ಮಧ್ಯದಲ್ಲಿ ಯಂತ್ರ ನಿಂತರೆ ಎರಡು ಗಂಟೆಯ ಫೈಲ್ ತೆರೆಯುವುದೇ ಇಲ್ಲ. ಎಂಕೆವಿಯಲ್ಲಿ ಬರೆಯಿರಿ, ಆಮೇಲೆ ಫೈಲ್ ಮೆನುವಿನ 'ರೀಮಕ್ಸ್ ರೆಕಾರ್ಡಿಂಗ್ಸ್'. 30.2ರಿಂದ ಬಂದ 'ಹೈಬ್ರಿಡ್ ಎಂಪಿ4' ಕೂಡ ಈ ಹೊಡೆತ ತಡೆಯುತ್ತದೆ.

ಇನ್ನೊಂದು. ಎಂಕೆವಿ ಸಮಯವನ್ನು ಸಾಮಾನ್ಯವಾಗಿ ಮಿಲಿಸೆಕೆಂಡಿನಲ್ಲಿ ಬರೆಯುತ್ತದೆ. 30ರ ಒಂದು ಫ್ರೇಮ್ 33.33, ಅದು 33, 33, 34 ಎಂದು ಸುತ್ತುತ್ತದೆ. ಅದನ್ನೇ ನೋಡಿ ಕೆಲವು ಸಾಫ್ಟ್‌ವೇರ್ 'ವೇರಿಯಬಲ್' ಎಂದು ಬೊಬ್ಬೆ ಹಾಕುತ್ತವೆ. 25ರ ಒಂದು ಫ್ರೇಮ್ ಸರಿಯಾಗಿ 40. ಸುತ್ತುವುದೇ ಬೇಡ. ನನ್ನ ಓಟು 25ಕ್ಕೆ ಇರುವುದಕ್ಕೆ ಇದೂ ಒಂದು ಕಾರಣ, ಹೆಸರಿನಲ್ಲೇ ಇದೆಯಲ್ಲ.

ಅಡಕೆತೋಟ

ಫೋನಿನ ಫೈಲ್ 4 ಜಿಬಿಗೊಮ್ಮೆ ತುಂಡಾಗಿ ಬರ್ತದೆ ಕೆಲವರದ್ದು. ಒಂದೊಂದನ್ನೇ ಬದಲಿಸಿ ಸಾಲಾಗಿ ಇಟ್ರೆ ಆಯ್ತಲ್ಲ? ಈ ಸಲ ಕೇಳಿಯೇ ಮಾಡುದು.

ಜಾಗಟೆ48

ಕೇಳಿದ್ದು ಒಳ್ಳೇದಾಯ್ತು. 17 ಮೆಗಾಬಿಟ್ಟಿಗೆ 33 ನಿಮಿಷಕ್ಕೊಂದು ತುಂಡು ಬರ್ತದೆ. ಎಎಸಿ ಆಡಿಯೊ 1024 ಸ್ಯಾಂಪಲ್‌ಗಳ ಕಟ್ಟುಗಳಲ್ಲಿ ಇರುದು, ಒಂದು ಕಟ್ಟು 21 ಮಿಲಿಸೆಕೆಂಡ್. ಬೇರೆ ಬೇರೆ ಬದಲಿಸಿದರೆ ಪ್ರತಿ ತುಂಡಿನ ತುದಿಯಲ್ಲಿ ಅಷ್ಟಿಷ್ಟು ಸೇರಿ ಜೋಡಣೆಯಲ್ಲಿ ಚೆಂಡೆಯ ಪೆಟ್ಟು ಮುಗ್ಗರಿಸ್ತದೆ. ಮೊದಲು ಎಲ್ಲ ತುಂಡುಗಳನ್ನು ಎಫ್‌ಎಫ್‌ಎಂಪೆಗ್‌ನ 'ಕನ್‌ಕ್ಯಾಟ್' ಪಟ್ಟಿಯಲ್ಲಿ ಸಾಲಾಗಿ ಕೊಟ್ಟು ಒಂದೇ ಫೈಲ್ ಮಾಡಿ, ಆಮೇಲೆ ಒಂದೇ ಸಲ ಕಾನ್ಸ್ಟಂಟ್ ಮಾಡಿ.

ಪೆರ್ಲದವ

ಮಿಕ್ಸರಿನ ವೇವ್ ಕೂಡಿಸಿದೆ. ಫೋನಿನ ಸದ್ದಿನ ಗೆರೆಗೆ ಇದರ ಗೆರೆ ಸರಿಯಾಗಿ ಕೂರಿಸಿಯೂ ಜಾಗಟೆಗೆ ಕೋಲು ತಾಗಿ ಎರಡೂವರೆ ಫ್ರೇಮ್ ಬಿಟ್ಟು ಸದ್ದು ಬರ್ತದೆ. ಶುರುವಿನಿಂದಲೇ. ಕೊನೆಗೆ ಹೋಗುವಾಗ ಇನ್ನೂ 0.2 ಸೆಕೆಂಡ್ ಸೇರ್ತದೆ. ಪುನಃ ವೇರಿಯಬಲ್ ಆಯ್ತಾ?

ಜಾಗಟೆ48

ಇಲ್ಲ, ಇವು ಬೇರೆ ಎರಡು. ಫೋನು ರಂಗಸ್ಥಳದಿಂದ ಎಷ್ಟು ದೂರ ಇತ್ತು?

ಪೆರ್ಲದವ

ಗದ್ದೆಯ ಆಚೆ ಬದಿ, 30 ಮೀಟರ್.

ಜಾಗಟೆ48

ಶುರುವಿನದ್ದು ಅದೇ. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುದು, 30 ಮೀಟರಿಗೆ 87 ಮಿಲಿಸೆಕೆಂಡ್, 30ರ ಲೆಕ್ಕದಲ್ಲಿ ಎರಡೂವರೆ ಫ್ರೇಮ್. ಫೋನಿನ ಮೈಕಿಗೆ ಸದ್ದು ಅಷ್ಟು ತಡವಾಗಿ ಬಂದಿದೆ. ಮೊದಲು ಸೆಕೆಂಡಿನ ಲೆಕ್ಕದಲ್ಲಿ ಅಳೆದಾಗ ಇಷ್ಟು ಸಣ್ಣದು ಗೊತ್ತಾಗಿರಲಿಕ್ಕಿಲ್ಲ. ಮಿಕ್ಸರಿನ ಮೈಕು ಭಾಗವತರ ಮೂಗಿನಡಿ, ಅಲ್ಲಿ ತಡವೇ ಇಲ್ಲ. ತಡವಾದ ಗೆರೆಗೆ ಸರಿಯಾದ ಗೆರೆ ಕೂರಿಸಿದರೆ ಸರಿಯಾದ್ದೂ ತಡ. ಮಿಕ್ಸರಿನ ಟ್ರ್ಯಾಕನ್ನು 87 ಮಿಲಿಸೆಕೆಂಡ್ ಬೇಗ ಬರುವ ಹಾಗೆ ಎಡಕ್ಕೆ ಎಳೀರಿ, ಫೋನಿನದ್ದು ಮ್ಯೂಟ್ ಮಾಡಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಗುಹೆಯಲ್ಲಿ ಹಾಡಿದ ಹಾಗೆ ಕೇಳ್ತದೆ.

ಕೊನೆಯ 0.2 ಸೆಕೆಂಡ್ ರೆಕಾರ್ಡರಿನ ಗಡಿಯಾರ ಮತ್ತು ಫೋನಿನ ಗಡಿಯಾರದ ಜಗಳ. 10,200 ಸೆಕೆಂಡಿಗೆ 0.2, ಹತ್ತು ಲಕ್ಷಕ್ಕೆ 20 ಪಾಲು. ಯಾವ ಎರಡು ಯಂತ್ರಕ್ಕೂ ಇಷ್ಟು ಇರ್ತದೆ. ಇದು ನೇರ ಗೆರೆಯಲ್ಲಿ ಬೆಳೆಯುವಂಥದ್ದು, ಅಡಕೆತೋಟರ ಸ್ಪೀಡ್ ಮದ್ದು ಇಲ್ಲಿ ಸಲ್ಲಬೇಕಿತ್ತು. ಆದರೆ ಎಷ್ಟೋ ಸಾಫ್ಟ್‌ವೇರಿನಲ್ಲಿ ಸ್ಪೀಡ್ ಎರಡು ದಶಮಾಂಶಕ್ಕಿಂತ ಕೆಳಗೆ ಇಳಿಯುದಿಲ್ಲ, ನಿಮಗೆ ಬೇಕಾದ್ದು 0.002%. ಕತ್ತರಿಯೇ ಸುಲಭ. ಒಟ್ಟು 6 ಫ್ರೇಮ್. ಸುಮಾರು 45 ನಿಮಿಷಕ್ಕೊಮ್ಮೆ, ಪದ್ಯ ಮುಗಿದು ವೇಷ ಮಾತು ಎತ್ತುವ ಮೊದಲು ಒಂದು ಉಸಿರಿನ ಮೌನ ಇರ್ತದಲ್ಲ, ಅಲ್ಲಿ ಕತ್ತರಿಸಿ 2 ಫ್ರೇಮ್ ಸರಿಸಿ. ಮೂರು ಕಡೆ ಮಾಡಿದರೆ ಸಾಕು. ಚೆಂಡೆ ನುಡಿಯುವ ನಡುವೆ ಮಾತ್ರ ಕತ್ತರಿ ಇಡಬೇಡಿ, ಒಂದು ಪೆಟ್ಟು ಹೋದರೂ ತಾಳ ಗೊತ್ತಿದ್ದವರಿಗೆ ಸಿಕ್ಕಿಬೀಳ್ತೀರಿ.

ಅಡಕೆತೋಟ

ಅಂತೂ ನನ್ನ ಮದ್ದಿಗೂ ಒಂದು ರೋಗ ಸಿಕ್ಕಿತು.

ಪೆರ್ಲದವ

ಮೂರು ಕಡೆ ಸರಿಸಿದೆ, ಮಂಗಳದ ಪದ್ಯದವರೆಗೆ ಕೋಲು, ಸದ್ದು ಒಟ್ಟಿಗೆ ಉಂಟು. ಬಣ್ಣದ ವೇಷದ ಜಾಗಕ್ಕೆ ಎದುರು ಬದಿಯಲ್ಲಿ ಇನ್ನೊಬ್ಬರು ತೆಗೆದ 25ರ ಹ್ಯಾಂಡಿಕ್ಯಾಮ್ ಫೈಲ್ ಸಿಗಬಹುದು. 30ರ ಟೈಮ್‌ಲೈನಿಗೆ ಅದನ್ನು ಹಾಗೆಯೇ ಹಾಕಲಾ, ಮೊದಲೇ ಬದಲಿಸಲಾ?

ಚಂದ್ರಗಿರಿ25

50ಐ ಆಗಿದ್ದರೆ ಮೊದಲು ಡೀಇಂಟರ್‌ಲೇಸ್ ಮಾಡಿ 50 ಪೂರ್ಣ ಫ್ರೇಮ್ ತೆಗೆಯಿರಿ. ಎಫ್‌ಎಫ್‌ಎಂಪೆಗ್‌ನಲ್ಲಿ 'ಬಿಡಬ್ಲ್ಯುಡಿಐಎಫ್' ಫಿಲ್ಟರ್ ಇದೆ. ಆಮೇಲೆ ಅದನ್ನು ಹಾಗೆಯೇ ಟೈಮ್‌ಲೈನಿಗೆ ಹಾಕಿ. 50ರಿಂದ 30ಕ್ಕೆ ಆರಿಸಿಕೊಳ್ಳುವಾಗ ಬೀಳುವ ಕುಂಟು 25ನ್ನು 30ಕ್ಕೆ ಹಿಗ್ಗಿಸಿದ್ದಕ್ಕಿಂತ ಕಡಿಮೆ. ಬರೇ ಒಂದೂವರೆ ನಿಮಿಷದ ತುಂಡು, ಕತ್ತಲೆ ಬೇರೆ, ನಡೆದುಹೋಗುತ್ತದೆ.